ಮೊದಲು ನೀರಿನಲ್ಲಿ ನಡೆಯಿರಿ

ಪ್ರಶ್ನೆ: ನನಗೆ 54 ವರ್ಷ. ಮಂಡಿ ಸವೆದಿದೆ, ಮೆಟ್ಟಿಲು ಇಳಿಯುವಾಗ ಜೀವ ಹೋದಂತಾಗುತ್ತದೆ. ಈಜಿದರೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದೇ ತಡ, ಮಗಳು ಮಹಿಳೆಯರ ಬ್ಯಾಚಿಗೆ ದುಡ್ಡು ಕಟ್ಟಿಬಿಟ್ಟಿದ್ದಾಳೆ. ಚಿಕ್ಕಂದಿನಲ್ಲಿ ನಮ್ಮ ತೋಟದ ಬಾವಿಯಲ್ಲಿ ದೊಡ್ಡಪ್ಪನ ಮಗ ಮುಳುಗಿ ಹೋದ. ಅವನನ್ನು ಮೇಲೆತ್ತಿದ್ದನ್ನು ಕಣ್ಣಾರೆ ಕಂಡವಳು ನಾನು. ಕೆರೆ, ಹೊಳೆ ಕಂಡರೆ ಇಂದಿಗೂ ಕಾಲು ನಡುಗುತ್ತದೆ. ಈ ವಯಸ್ಸಿನಲ್ಲಿ ಆ ಉಡುಪು ತೊಡುವುದಕ್ಕೂ ನಾಚಿಕೆ. ಹೋಗದಿದ್ದರೆ ಮಗಳಿಗೆ ಬೇಜಾರು. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಅಂಥ ಸಾವನ್ನು ಕಂಡವರಿಗೆ ‘ಹೆದರಬೇಡಿ’ ಎಂದು ನಾನು ಹೇಳಲಾರೆ. ಆದರೆ ನಿಮಗೆ ಯಾರೂ ಹೇಳಿದಂತಿಲ್ಲದ ಒಂದು ಮಾತಿದೆ. ನೀರಿನಿಂದ ಮಂಡಿಗೆ ಆಗುವ ಉಪಕಾರ ಪಡೆಯಲು ಈಜು ಬರಲೇಬೇಕೆಂದಿಲ್ಲ.

ಸೊಂಟದ ಮಟ್ಟದ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವ ಭಾರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎದೆಮಟ್ಟಕ್ಕೆ ಹೋದರೆ ಇನ್ನೂ ಕಡಿಮೆ. ಭಾರ ಇಳಿದರೂ ಕೆಲಸ ಇಳಿಯುವುದಿಲ್ಲ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದ್ದರಿಂದ ಪ್ರತಿ ಹೆಜ್ಜೆಗೂ ತೊಡೆಯ ಸ್ನಾಯು ದುಡಿಯಬೇಕಾಗುತ್ತದೆ. ಮಂಡಿಯನ್ನು ಹಿಡಿದು ನಿಲ್ಲಿಸುವುದು ಅದೇ ಸ್ನಾಯು. ಎದೆಯನ್ನು ನೀರು ಒತ್ತುವುದರಿಂದ ಉಸಿರಾಟದ ಸ್ನಾಯುಗಳಿಗೂ ವ್ಯಾಯಾಮ. ರಸ್ತೆಯಲ್ಲಿ ಹತ್ತು ನಿಮಿಷ ನಡೆಯಲಾಗದ ಎಷ್ಟೋ ಜನ ನೀರಿನಲ್ಲಿ ಅರ್ಧ ಗಂಟೆ ಆರಾಮವಾಗಿ ನಡೆಯುತ್ತಾರೆ.

ಬಾವಿಯಲ್ಲಿ ಕಾಲಿಗೆ ನೆಲ ಸಿಗುವುದಿಲ್ಲ. ಕೊಳದ ಆಳವಿಲ್ಲದ ಬದಿಯಲ್ಲಿ ಸಿಗುತ್ತದೆ. ಅಲ್ಲಿ ಆಳ ಎಷ್ಟಿದೆ, ಜೀವರಕ್ಷಕರು ಇರುತ್ತಾರೆಯೇ ಎಂದು ಮೊದಲೇ ವಿಚಾರಿಸಿ. ಮೊದಲ ವಾರ ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟರೂ ಸಾಕು. ಆಮೇಲೆ ಅಂಚಿನ ಕಂಬಿ ಹಿಡಿದು ನಡೆಯಿರಿ. ಮುಖ ಮುಳುಗಿಸುವುದು ನಿಮಗೆ ಮನಸ್ಸಾದ ದಿನ. ಬಾವಿಯ ವಿಷಯ ಕಲಿಸುವವರಿಗೆ ತಿಳಿಸಿಬಿಡಿ. ತಿಳಿದ ಮೇಲೂ ನಿಮ್ಮನ್ನು ನೀರಿಗೆ ದೂಡುವವರಾದರೆ ಆ ಬ್ಯಾಚು ಬಿಡಿ, ದುಡ್ಡು ಹೋದರೆ ಹೋಗಲಿ. ಕೊಳದ ಹತ್ತಿರ ಹೋದರೇ ಎದೆ ಹೊಡೆದುಕೊಂಡು ಉಸಿರು ಕಟ್ಟುವಂತಾದರೆ ಮೊದಲು ಮನಃಶಾಸ್ತ್ರಜ್ಞರನ್ನು ಕಾಣಿ. ಇಂಥ ಭಯ ಹಂತಹಂತವಾಗಿ ಇಳಿಯುತ್ತದೆ.

ಉಡುಪಿನ ಚಿಂತೆ ಸಣ್ಣದು. ತುಂಬುತೋಳಿನ, ಕಾಲು ಮುಚ್ಚುವ ಈಜುಡುಗೆ ಅಂಗಡಿಗಳಲ್ಲಿ ಸಿಗುತ್ತದೆ. ಹತ್ತಿಯ ಚೂಡಿದಾರ್ ಬೇಡ, ನೀರು ಕುಡಿದು ಭಾರವಾಗುತ್ತದೆ.

ಮುಂದೆ ಈಜು ಕಲಿತರೆ, ಕಪ್ಪೆಯಂತೆ ಕಾಲು ಬೀಸುವ ಶೈಲಿ ಮಂಡಿಯನ್ನು ತಿರುಚುತ್ತದೆ. ನೇರವಾಗಿ ಕಾಲು ಬಡಿಯುವ ಫ್ರೀಸ್ಟೈಲ್ ಕೇಳಿ. ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೃದಯಕ್ಕೆ, ನಿದ್ದೆಗೆ, ಸಕ್ಕರೆ ಹತೋಟಿಗೆ ಈಜು ಒಳ್ಳೆಯದೇ. ಆದರೆ ಮುಟ್ಟು ನಿಂತ ಮೇಲೆ ಮೂಳೆ ಗಟ್ಟಿಯಾಗಿರಲು ಅದೊಂದೇ ಸಾಲದು, ಮಂಡಿ ತಡೆಯುವಷ್ಟು ನೆಲದ ನಡಿಗೆಯೂ ಇರಲಿ. ಬಿ.ಪಿ., ಶುಗರ್ ಮಾತ್ರೆ ನುಂಗುತ್ತಿದ್ದರೆ ಡಾಕ್ಟರನ್ನು ಕೇಳಿಯೇ ಶುರುಮಾಡಿ.

ಆ ಬಾವಿಯ ಕಥೆ ನಿಮ್ಮ ಮಗಳಿಗೆ ಗೊತ್ತೇ? ಇಲ್ಲವಾದರೆ ಇವತ್ತೇ ಹೇಳಿ. ಮೊದಲ ದಿನ ಅವಳೂ ನಿಮ್ಮ ಜೊತೆ ನೀರಿಗೆ ಇಳಿಯಲಿ.