ಬೀಗರೂಟಕ್ಕೆ ಕೋಳಿ, ಜೊತೆಗೆ ಹಸಿ ಎಲೆ

ಪ್ರಶ್ನೆ: ಡಾಕ್ಟ್ರೇ, ಮಗಳ ಮದುವೆಯ ಮಾರನೇ ದಿನ ಬೀಗರೂಟ ಇಟ್ಟುಕೊಂಡಿದ್ದೇವೆ. ಸುಮಾರು 150 ಮಂದಿ. ಕೋಳಿ ಹುರಿದು, ಹಸಿ ಲೆಟಿಸ್ ಎಲೆಯಲ್ಲಿ ಸುತ್ತಿ ಬಡಿಸೋಣ ಎಂದು ಬೆಂಗಳೂರಿನಲ್ಲಿರುವ ಮಗ ಹೇಳುತ್ತಾನೆ. ಹಿಂದಿನ ರಾತ್ರಿಯೇ ಹುರಿದಿಡಬಹುದೇ? ಹಸಿ ಎಲೆಯಿಂದ ತೊಂದರೆ ಇಲ್ಲವೇ?
– ಓದುಗರು, ಸೊಕ್ಕೆ, ಜಗಳೂರು ತಾಲ್ಲೂಕು

ಉತ್ತರ: ಧಾರಾಳವಾಗಿ ಮಾಡಿ. ಆದರೆ ಹಿಂದಿನ ರಾತ್ರಿ ಹುರಿದಿಡುವುದು ಬೇಡ. ಅಷ್ಟು ಕೋಳಿಯನ್ನು ಬೇಗ ತಣ್ಣಗಾಗಿಸುವ ಫ್ರಿಜ್ ಮನೆಗಳಲ್ಲಿ ಇರುವುದಿಲ್ಲ.

ರೊಟ್ಟಿ ಜೊತೆ ಮೆಂತ್ಯ ಸೊಪ್ಪು, ಮೂಲಂಗಿ ಹಸಿಯಾಗಿಯೇ ತಿನ್ನುವ ನಮಗೆ ಹಸಿ ಎಲೆ ಹೊಸದಲ್ಲ. ಇಲ್ಲಿ ಭಯವಿರುವುದು ಎಲೆ ಮತ್ತು ಹಸಿ ಕೋಳಿ ಒಂದೇ ಕಡೆ ಸೇರುವುದರಿಂದ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣುಗಳು ಇರಬಹುದು. ಕೋಳಿ ಬೆಂದರೆ ಅವು ಸಾಯುತ್ತವೆ. ಎಲೆಗೆ ತಗುಲಿದವು ಮಾತ್ರ ಬೆಂಕಿ ಕಾಣದೆ ನೇರ ಹೊಟ್ಟೆಗೆ ಹೋಗುತ್ತವೆ.

ಆದ್ದರಿಂದ ಎಲೆಯ ಕೆಲಸಕ್ಕೆ ಬೇರೆ ಜಾಗ, ಬೇರೆ ಚಾಕು, ಬೇರೆ ಆಳು ಇರಲಿ. ಮನೆಗೆ ತಂದ ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯಬೇಡಿ. ನೀರು ಸಿಡಿದು ರೋಗಾಣು ಸುತ್ತಲೂ ಹರಡುತ್ತದೆ. ಎಲೆಗಳನ್ನು ಒಂದೊಂದಾಗಿ ಬಿಡಿಸಿ, ಕುಡಿಯಲು ಯೋಗ್ಯವಾದ ನೀರನ್ನು ಸುರಿಯುತ್ತಾ ತೊಳೆದು, ನೀರು ಬಸಿಯಿರಿ. ಉಪ್ಪುನೀರಲ್ಲಿ ನೆನೆಸಿದ ಮಾತ್ರಕ್ಕೆ ರೋಗಾಣುಗಳೆಲ್ಲ ಸಾಯುವುದಿಲ್ಲ. ಬಸುರಿಯರಿಗೆ, ವಯಸ್ಸಾದವರಿಗೆ, ಪುಟ್ಟ ಮಕ್ಕಳಿಗೆ ಕುದಿಯುವ ನೀರಲ್ಲಿ ಎರಡು ನಿಮಿಷ ಬೇಯಿಸಿದ ಎಲೆಕೋಸಿನ ಎಲೆ ಕೊಡಿ. ಸುತ್ತಲು ಅದೇ ಸುಲಭ.

ಒಬ್ಬರಿಗೆ 100 ಗ್ರಾಂ ಎಂದರೂ 15 ಕೆ.ಜಿ. ಮೂಳೆ ತೆಗೆದ ಕೋಳಿ ಬೇಕು. ಅಷ್ಟನ್ನೂ ಒಂದೇ ಬಾಣಲೆಗೆ ಸುರಿದರೆ ಕೋಳಿ ನೀರು ಬಿಡುತ್ತದೆ, ಕೆಲವು ತುಂಡು ಅರೆಬೆಂದೇ ಉಳಿಯುತ್ತವೆ. ಎರಡೆರಡು ಕೆ.ಜಿ.ಯಂತೆ ಹುರಿಯಿರಿ. ದಪ್ಪ ತುಂಡಿನ ನಡುವೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ದಪ್ಪ ತುಂಡುಗಳನ್ನು ಸೀಳಿ ನೋಡಿ: ಒಳಗೆ ಗುಲಾಬಿ ಬಣ್ಣ ಇರಬಾರದು, ಹೊಗೆಯಾಡುವಷ್ಟು ಬಿಸಿ ಇರಬೇಕು.

ಪಂಕ್ತಿ ಕೂರುವ ಹೊತ್ತಿಗೆ ಹುರಿದು ಬಿಸಿಬಿಸಿ ಬಡಿಸಿ. ಒಲೆಯಿಂದ ಇಳಿಸಿದ್ದು ಎರಡು ಗಂಟೆ ಮೀರಬಾರದು. ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಕೈಗೆ ಗಾಯ, ಕುರು ಇದ್ದವರು ಅಡುಗೆಗೂ ಬಡಿಸಲೂ ಬೇಡ. ಗಾಯದಿಂದ ಬರುವ ಸ್ಟ್ಯಾಫಿಲೋಕಾಕಸ್ ಅನ್ನದಲ್ಲೋ ಮಾಂಸದಲ್ಲೋ ವಿಷ ಬಿಟ್ಟರೆ, ಮತ್ತೆ ಕಾಯಿಸಿದರೂ ಅದು ಹೋಗುವುದಿಲ್ಲ.

ಊಟದ ನಂತರ ಯಾರಿಗಾದರೂ ವಾಂತಿ, ಭೇದಿ ಆದರೆ ಓಆರ್‌ಎಸ್ ಕುಡಿಸಿ. ಮಲದಲ್ಲಿ ರಕ್ತ, ಜೋರು ಜ್ವರ, ಮೂತ್ರ ಕಡಿಮೆಯಾಗುವುದು, ಮಂಪರು ಕಂಡರೆ ತಡಮಾಡದೆ ಜಗಳೂರಿನ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.