ಮೊದಲು ಕೂಲೆಂಟ್ ನೋಡಿ

ಸಿಗ್ನಲ್‌ನಲ್ಲಿ ನಿಂತಾಗ ಕಾರಿನ ಐಡ್ಲಿಂಗ್ ಏರಿಳಿಯುತ್ತಿದ್ದು, ಟೆಂಪರೇಚರ್ ಮುಳ್ಳೂ ಮೇಲೇರುತ್ತಿದ್ದರೆ ಎರಡನ್ನೂ ಬೇರೆ ಬೇರೆ ಕಾಯಿಲೆಯೆಂದುಕೊಂಡು ಬಿಡಿಭಾಗಗಳಿಗೆ ದುಡ್ಡು ಸುರಿಯಬೇಡಿ. ಮೊದಲು ಕೂಲೆಂಟ್ ಮಟ್ಟ ನೋಡಿ. ಅದು ಕಡಿಮೆಯಾಗಿ ಒಳಗೆ ಗಾಳಿ ಸೇರಿದರೆ ಎಂಜಿನ್ನಿನ ಬಿಸಿ ರೇಡಿಯೇಟರ್‌ಗೆ ಸರಿಯಾಗಿ ತಲುಪುವುದಿಲ್ಲ. ಅದೇ ಗಾಳಿಯಲ್ಲಿ ಸಿಕ್ಕಿಕೊಂಡ ಸೆನ್ಸರ್ ತಪ್ಪು ಉಷ್ಣತೆ ಹೇಳಿದಾಗ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಪೆಟ್ರೋಲ್ ಮತ್ತು ಗಾಳಿಯ ಲೆಕ್ಕ ತಪ್ಪುತ್ತದೆ. ಹಳೆಯ ಕೆಲವು ಕಾರುಗಳಲ್ಲಂತೂ ಐಡ್ಲಿಂಗ್ ನಿಯಂತ್ರಿಸುವ ವಾಲ್ವ್‌ನ ಪಕ್ಕದಲ್ಲೇ ಕೂಲೆಂಟ್ ಹರಿಯುತ್ತದೆ; ಅದು ಕಡಿಮೆಯಾದರೆ ಐಡ್ಲಿಂಗ್ ಕೂಡ ಏರುಪೇರಾಗಬಹುದು.

ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿದರೂ ಐಡ್ಲಿಂಗ್ ಕುಣಿಯುತ್ತದಲ್ಲ ಎಂದು ನೀವು ಕೇಳಬಹುದು. ನಿಜ, ವ್ಯಾಕ್ಯೂಮ್ ಪೈಪ್ ಸೀಳಿದರೂ ಹಾಗೆಯೇ. ಆದರೆ ಬರೀ ಮಸಿಯಿಂದ ಎಂಜಿನ್ ಕುದಿಯುವುದಿಲ್ಲ. ಕೂಲೆಂಟ್ ಸರಿಯಿದ್ದೂ ಟ್ರಾಫಿಕ್‌ನಲ್ಲಿ ಮಾತ್ರ ಬಿಸಿಯಾಗಿ ಹೈವೇಯಲ್ಲಿ ತಣಿದರೆ ಫ್ಯಾನ್ ಅಥವಾ ಅದರ ರಿಲೇ ಮೇಲೆ ಅನುಮಾನಪಡಿ. ನಮ್ಮ ಸೆಕೆಗೆ ಥರ್ಮೋಸ್ಟಾಟ್ ಯಾಕೆ, ಕಿತ್ತೆಸೆಯಿರಿ ಎನ್ನುವ ಮೆಕ್ಯಾನಿಕ್‌ಗಳಿದ್ದಾರೆ; ಒಪ್ಪಬೇಡಿ, ಅದಿಲ್ಲದೆ ಎಂಜಿನ್ ಹದವಾಗಿ ಕಾಯದಿದ್ದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಸರಿಯಾದ ಕೂಲೆಂಟ್ ತುಂಬಿಸಿ ಗಾಳಿ ತೆಗೆಸಿದ ಮೇಲೂ ಮಟ್ಟ ಇಳಿಯುತ್ತಿದ್ದರೆ ಹೋಸ್, ವಾಟರ್ ಪಂಪ್, ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಿ. ಎಂಜಿನ್ ಬಿಸಿಯಿರುವಾಗ ಮಾತ್ರ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ: ಒತ್ತಡದಲ್ಲಿರುವ ಕೂಲೆಂಟ್ 100 ಡಿಗ್ರಿ ದಾಟಿರಬಹುದು, ಮುಖಕ್ಕೇ ಚಿಮ್ಮುತ್ತದೆ.