ಒಂದೇ ಮನೆಗೆ ಎರಡು ಪಿಂಚಣಿ

ಬಸವನಗುಡಿಯ ನಮ್ಮ ಮನೆಗೆ ತಿಂಗಳಿಗೆ ಎರಡು ಪಿಂಚಣಿ ಬರುತ್ತವೆ. ಅಮ್ಮ ಸರ್ಕಾರಿ ಹೈಸ್ಕೂಲಿನಲ್ಲಿ ಟೀಚರ್ ಆಗಿದ್ದು 2010ರಲ್ಲಿ ನಿವೃತ್ತರಾದರು. ಅಪ್ಪ ಕಾರ್ಖಾನೆಯಲ್ಲಿ ದುಡಿದವರು. ಅವರಿಗೆ ಬರುವುದು ನೌಕರರ ಪಿಂಚಣಿ ಯೋಜನೆಯ, ಅಂದರೆ ಇಪಿಎಸ್-95ರ ಹಣ. ಇಬ್ಬರ ಪಾಸ್‌ಬುಕ್ಕುಗಳನ್ನೂ ನೋಡಿಕೊಳ್ಳುವವಳು ನಾನು. ಅಪ್ಪನ ಪುಸ್ತಕದಲ್ಲಿ 2004ರಿಂದ ಇವತ್ತಿನವರೆಗೂ ತಿಂಗಳು ತಿಂಗಳೂ ಅದೇ ಸಾಲು: 1,612 ರೂಪಾಯಿ. ಅಮ್ಮನದು ವರ್ಷಕ್ಕೆ ಎರಡು ಸಲ ಏರುತ್ತದೆ. ಈ ಅಂತರಕ್ಕೆಲ್ಲ ಕಾರಣ ತುಟ್ಟಿಭತ್ಯೆ.

ಡಿಎ ಎಂದು ನಾವೆಲ್ಲ ಕರೆಯುವ ಈ ಭತ್ಯೆ ಹುಟ್ಟುವುದು ಕಾರ್ಮಿಕ ಬ್ಯೂರೋ ಪ್ರತಿ ತಿಂಗಳು ಪ್ರಕಟಿಸುವ ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕದಲ್ಲಿ. ದೇಶದ 88 ಕೇಂದ್ರಗಳಿಂದ ಬೆಲೆ ಸಂಗ್ರಹಿಸುತ್ತಾರೆ, ಬೆಂಗಳೂರೂ ಅದರಲ್ಲೊಂದು. ಹಿಂದಿನ ಹನ್ನೆರಡು ತಿಂಗಳ ಸರಾಸರಿ ನೋಡಿ ಕೇಂದ್ರ ಸರ್ಕಾರ ಜನವರಿಗೊಂದು, ಜುಲೈಗೊಂದು ಕಂತು ಕೊಡುತ್ತದೆ. ರಾಜ್ಯ ಸರ್ಕಾರ ಅದರ ಬೆನ್ನಿಗೆ ತನ್ನ ಆದೇಶ ಹೊರಡಿಸುತ್ತದೆ. ಕೇಂದ್ರ ಶೇ 1 ಏರಿಸಿದರೆ ನಮ್ಮಲ್ಲಿ ಶೇ 0.722. ‘ನಮಗೆ ಯಾವಾಗಲೂ ಕಮ್ಮಿ’ ಅನ್ನುವ ಮಾತು ಕೃಷ್ಣರಾವ್ ಪಾರ್ಕಿನ ಬೆಂಚುಗಳಲ್ಲಿ ಆಗಾಗ ಕೇಳಿಬರುತ್ತದೆ. ಅದು ಮೋಸವಲ್ಲ. ಕೇಂದ್ರದ ಮೂಲ ವೇತನ 2016ರ ಬೆಲೆಗೆ ಕಟ್ಟಿದ್ದು, ನಮ್ಮದು 2022ರ ಜುಲೈ ಬೆಲೆಗೆ. ಆಗ ಕೇಂದ್ರದ ಡಿಎ ಶೇ 38 ಆಗಿತ್ತು. ಬುಡ ದೊಡ್ಡದಾದಾಗ ಅದೇ ಬೆಲೆಯೇರಿಕೆಗೆ ಶೇಕಡಾವಾರು ಸಣ್ಣದಾಗಿ ಕಾಣುತ್ತದೆ, ಅಷ್ಟೆ.

ನಿಜವಾಗಿ ಜನ ದಾರಿ ತಪ್ಪುವುದು ವೇತನ ಆಯೋಗದ ಲೆಕ್ಕದಲ್ಲಿ. ಕೆ. ಸುಧಾಕರ ರಾವ್ ಅಧ್ಯಕ್ಷತೆಯ ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂದಾಗ ‘ಶೇ 58.5 ಹೆಚ್ಚಳ’ ಎಂಬ ಮಾತು ಎಲ್ಲ ಕಡೆ ಓಡಾಡಿತು. ನೆಂಟರು ಫೋನ್ ಮಾಡಿ ಅಮ್ಮನಿಗೆ ಶುಭಾಶಯ ಹೇಳಿದರು. ಅಮ್ಮನ ಅಂಕಿಗಳನ್ನೇ ನೋಡಿ. ಹಳೆಯ ಮೂಲ ಪಿಂಚಣಿ 28,000. ಅದಕ್ಕೆ ಶೇ 31ರ ಡಿಎ ವಿಲೀನ, ಆಯೋಗ ಹೊಸದಾಗಿ ಕೊಟ್ಟ ಶೇ 27.5ರ ಫಿಟ್‌ಮೆಂಟ್, ಹೊಸ ಮೂಲ 44,380. ಆದರೆ ಆ ಶೇ 31 ಅವರ ಕೈಗೆ ಮೊದಲೇ ಬರುತ್ತಿತ್ತು. 28,000ಕ್ಕೆ 31 ಸೇರಿದರೆ 36,680. ಅಲ್ಲಿಂದ 44,380ಕ್ಕೆ ಏರಿದ್ದು ಶೇ 21. ಇನ್ನೂ ಹತ್ತಿರದಿಂದ ನೋಡಿದರೆ, ಜುಲೈ 2024ರಲ್ಲಿ ಶೇ 42.5ರ ಡಿಎ ಸೇರಿ ಬಂದಿದ್ದು 39,900, ಆಗಸ್ಟಿನಲ್ಲಿ ಶೇ 8.5ರ ಹೊಸ ಡಿಎ ಸೇರಿ 48,152. ಎಂಟು ಸಾವಿರ ಚಿಲ್ಲರೆ. ಅದು ಸಣ್ಣ ಹಣವಲ್ಲ, ನಮ್ಮ ಮನೆಗಂತೂ ದೊಡ್ಡ ಆಸರೆ. ಆದರೆ 58.5 ನಂಬಿ ಮೊಮ್ಮಗನ ಕಾಲೇಜು ಫೀಸಿಗೆ ಮಾತು ಕೊಟ್ಟವರನ್ನು ನಾನು ಕಂಡಿದ್ದೇನೆ. ಅವರ ಸಂಕಟ ನೋಡಿದ ಮೇಲೆ ಈ ಲೆಕ್ಕವನ್ನು ಸಿಕ್ಕಿದವರಿಗೆಲ್ಲ ಬಿಡಿಸಿ ಹೇಳುತ್ತೇನೆ.

2025ರ ಜುಲೈನಿಂದ ರಾಜ್ಯದ ಡಿಎ ಶೇ 12.25ರಿಂದ 14.25 ಆಯಿತು. ಅಮ್ಮನಿಗೆ ತಿಂಗಳಿಗೆ 888 ರೂಪಾಯಿ ಹೆಚ್ಚು. ಹಿಂಬಾಕಿ ಒಟ್ಟಿಗೆ ಬಂದಾಗ ಬೋನಸ್ಸಿನ ಹಾಗೆ ಅನ್ನಿಸುತ್ತದೆ. ಬೋನಸ್ ಅಲ್ಲ, ಬೆಲೆ ಏರಿ, ನಾವು ಕೈಯಿಂದ ಕೊಟ್ಟು ತಿಂಗಳುಗಳಾದ ಮೇಲೆ ತಿರುಗಿ ಬರುವ ದುಡ್ಡು. ಅದೂ ಕಾರ್ಖಾನೆ ಕೆಲಸಗಾರರ ಸಂಸಾರದ ಖರ್ಚಿನ ಅಳತೆಯಲ್ಲಿ. ಎಪ್ಪತ್ತೈದು ದಾಟಿದವರ ಮನೆಯ ಖರ್ಚೇ ಬೇರೆ. ಗಾಂಧಿ ಬಜಾರಿನ ಅವರೆಕಾಯಿ, ಸೊಪ್ಪಿಗೆ ನಾವು ಕೊಡುವುದು ಕಡಿಮೆಯಾಗುತ್ತಾ ಬಂದಿದೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ, ಕಣ್ಣಿನ ಡ್ರಾಪ್ಸ್, ಫಿಸಿಯೊಥೆರಪಿ, ಹಗಲು ಹೊತ್ತು ಅಪ್ಪನನ್ನು ನೋಡಿಕೊಳ್ಳುವ ಹೆಂಗಸಿನ ಸಂಬಳ ಇವು ಏರುತ್ತಲೇ ಇವೆ. ಅಮೆರಿಕದ ಸೋಶಿಯಲ್ ಸೆಕ್ಯುರಿಟಿಯಲ್ಲೂ 1975ರಿಂದ ವರ್ಷವರ್ಷ ತಾನಾಗಿ ಏರುವ ಹೆಚ್ಚಳ ದುಡಿಯುವವರ ಸೂಚ್ಯಂಕವನ್ನೇ ನೆಚ್ಚಿಕೊಂಡಿದೆ ಎಂದು ತಿಳಿದಾಗ ನನಗೆ ಬೇಸರವೇ ಆಯಿತು. ವಯಸ್ಸಾದವರ ಖರ್ಚಿನ ಬುಟ್ಟಿಯನ್ನು ಲೆಕ್ಕಕ್ಕೆ ಹಿಡಿಯುವ ಕೆಲಸ ನಮ್ಮಲ್ಲಾದರೂ ಆಗಬೇಕು.

ಡಿಎ ತಾನಾಗಿ ಬರುವುದಲ್ಲ, ಪ್ರತಿ ಸಲವೂ ಆದೇಶ ಬೇಕು ಎಂಬುದು ಕೋವಿಡ್ ಕಾಲದಲ್ಲಿ ಚೆನ್ನಾಗಿ ಗೊತ್ತಾಯಿತು. 2020ರ ಜನವರಿಯಿಂದ ಮೂರು ಕಂತು ತಡೆಹಿಡಿದರು. ರಾಜ್ಯದ ದರ ಶೇ 11.25ರಲ್ಲೇ ನಿಂತಿತು. 2021ರ ಜುಲೈಯಲ್ಲಿ ಶೇ 21.5ಕ್ಕೆ ಏರಿಸಿದರು, ಆದರೆ ನಡುವಿನ ಹದಿನೆಂಟು ತಿಂಗಳ ಬಾಕಿ ಕೈಸೇರಲೇ ಇಲ್ಲ.

ಇಷ್ಟಾದರೂ ಅಮ್ಮನ ಪಿಂಚಣಿ ಬೆಲೆಯ ಹಿಂದೆ ಹಿಂದೆಯೇ ನಡೆದು ಬಂದಿದೆ. ಅಪ್ಪನದು ಹಾಗಲ್ಲ. ಅದೇ ಕಾರ್ಮಿಕರ ಸೂಚ್ಯಂಕ 2004ರಿಂದ ಈಚೆಗೆ ಮೂರೂವರೆ ಪಟ್ಟಿಗಿಂತ ಹೆಚ್ಚಾಗಿದೆ. ಕಾರ್ಖಾನೆ ಕೆಲಸಗಾರರ ಹೆಸರಿನ ಸೂಚ್ಯಂಕ ಅಮ್ಮನ ಪಿಂಚಣಿಯನ್ನು ಕಾಯುತ್ತದೆ, ಕಾರ್ಖಾನೆಯಲ್ಲೇ ಬೆವರು ಸುರಿಸಿದ ಅಪ್ಪನದನ್ನು ಕಾಯುವುದಿಲ್ಲ. ಡಿಎ ಇದ್ದಿದ್ದರೆ ಅವರ 1,612 ಇವತ್ತು ಆರು ಸಾವಿರದ ಆಸುಪಾಸು ಇರುತ್ತಿತ್ತು. ಇಪಿಎಸ್ ಕನಿಷ್ಠ ಪಿಂಚಣಿ 2014ರ ಸೆಪ್ಟೆಂಬರಿನಲ್ಲಿ 1,000 ರೂಪಾಯಿ ಎಂದು ನಿಗದಿಯಾಯಿತು, ಅದಾದ ಮೇಲೆ ಹತ್ತು ವರ್ಷ ಕಳೆದರೂ ಅಲ್ಲೇ ಇತ್ತು. ಪಿಂಚಣಿ ದಯೆಯ ದಾನವಲ್ಲ, ಹಕ್ಕು ಎಂದು ಸುಪ್ರೀಂ ಕೋರ್ಟು ನಕಾರಾ ಪ್ರಕರಣದಲ್ಲಿ ಹೇಳಿದ್ದು 1982ರ ಡಿಸೆಂಬರ್ 17ರಂದು. ಪಿಂಚಣಿದಾರರ ದಿನ ಆಚರಿಸುವುದೂ ಅಂದೇ. ಕಾರ್ಖಾನೆಯಿಂದ ಬಂದವರಿಗೆ ಆ ಹಕ್ಕು ಬೆಲೆಯೇರಿಕೆಯಿಂದ ರಕ್ಷಣೆ ಕೊಡದಿರುವುದು ಅನ್ಯಾಯ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದ ರಾಜ್ಯ ನೌಕರರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯಲ್ಲಿ, ಅಂದರೆ ಎನ್‌ಪಿಎಸ್‌ನಲ್ಲಿದ್ದಾರೆ. ಅವರು ಕೊಳ್ಳುವ ಆನ್ಯುಯಿಟಿಗೂ ಡಿಎ ಇಲ್ಲ. ಅಮ್ಮನ ಶಾಲೆಯಲ್ಲಿ ಈಗ ಪಾಠ ಮಾಡುವ ಕಿರಿಯರಿಗೆ ನಾನು ಹೇಳುವುದು ಇದನ್ನೇ: ನಿಮ್ಮ ಉಳಿತಾಯದಲ್ಲಿ ಒಂದು ಪಾಲು ಬೆಲೆಯ ಜೊತೆ ಬೆಳೆಯುವಂಥದ್ದಿರಲಿ, ಎಲ್ಲವನ್ನೂ ನಿಗದಿತ ಬಡ್ಡಿಯಲ್ಲಿ ಕಟ್ಟಿಹಾಕಬೇಡಿ.

ನಮ್ಮ ಮನೆಯಲ್ಲಿ ಡಿಎ ಹಿಂಬಾಕಿಯನ್ನು ಖರ್ಚಿನ ಖಾತೆಗೆ ಸೇರಿಸುವುದಿಲ್ಲ. ಅದಕ್ಕೆ ಬೇರೆಯೇ ಖಾತೆ ಮಾಡಿ, ಔಷಧಿ, ಆಸ್ಪತ್ರೆಗೆಂದು ಎತ್ತಿಟ್ಟಿದ್ದೇವೆ. ಇನ್ನೊಂದು ಲೆಕ್ಕವನ್ನು ಬಾಯಿಬಿಟ್ಟು ಹೇಳುವುದು ಕಷ್ಟವಾದರೂ ಮಾಡಿಟ್ಟಿದ್ದೇವೆ. ಅಮ್ಮನ ಪಿಂಚಣಿ ಕೊನೆಯ ವೇತನದ ಅರ್ಧ. ಅಮ್ಮನ ನಂತರ ಅಪ್ಪನಿಗೆ ಬರುವ ಕುಟುಂಬ ಪಿಂಚಣಿ ಶೇ 30. ಅಂದರೆ 44,380 ಇದ್ದದ್ದು ಸುಮಾರು 26,600ಕ್ಕೆ ಇಳಿಯುತ್ತದೆ. ಅದರ ಮೇಲೆ ಡಿಎ ಮುಂದುವರಿಯುತ್ತದೆ ಎನ್ನುವುದೇ ಸಮಾಧಾನ. ಅಪ್ಪನ ಹೆಸರು, ಜನ್ಮದಿನಾಂಕ ಅಮ್ಮನ ಪಿಂಚಣಿ ಪಾವತಿ ಆದೇಶದಲ್ಲಿ (ಪಿಪಿಒ) ಸರಿಯಾಗಿದೆಯೇ ಎಂದು ಈ ನವೆಂಬರಿನಲ್ಲಿ, ಜೀವನ ಪ್ರಮಾಣಪತ್ರ ಕೊಡಲು ಹೋದಾಗಲೇ ನೋಡಿಕೊಂಡು ಬಂದೆವು.